ಪದಚರ್ಚೆ: ನಲ್ ಮೋಡೆಮ್ ಕೇಬಲಿಗೆ ‘ಅದಲುಬದಲು ಕೇಬಲ್’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ.

ಹಳೆಯ ಎರಡು ಕಂಪ್ಯೂಟರುಗಳನ್ನು ಸೀರಿಯಲ್ ಕೇಬಲಿನಿಂದ ಬೆಸೆದು, ಒಂದರ ಕೀಲಿಮಣೆಯಿಂದ ಇನ್ನೊಂದರ ಲಿನಕ್ಸಿಗೆ ಲಾಗಿನ್ ಆಗುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಕಾರ್ಡ್ ಇಲ್ಲದ, ಪರದೆ ಕೆಟ್ಟ ಯಂತ್ರವನ್ನೂ ಹೀಗೆ ಮಾತನಾಡಿಸಬಹುದು. ಇಂಥ ಕೇಬಲಿಗೆ ಇಂಗ್ಲಿಷಿನಲ್ಲಿ ‘ನಲ್ ಮೋಡೆಮ್’ ಕೇಬಲ್ ಎನ್ನುತ್ತಾರೆ. ಬರಹ ಆ ಹೆಸರಿನಲ್ಲೇ ಸಿಕ್ಕಿಕೊಂಡಿದೆ.

‘ನಲ್ ಮೋಡೆಮ್’ ಎಂಬುದನ್ನು ಮಕ್ಕಿಕಾಮಕ್ಕಿ ‘ಶೂನ್ಯ ಮೋಡೆಮ್’ ಎಂದರೆ ಅದೂ ಒಂದು ಬಗೆಯ ಮೋಡೆಮ್ ಎಂದು ಓದುಗರು ಅಂಗಡಿಯಲ್ಲಿ ಹುಡುಕಿಯಾರು. ನಿಜವಾಗಿ ಅಲ್ಲಿ ಮೋಡೆಮೇ, ಅಂದರೆ ಕಂಪ್ಯೂಟರನ್ನು ಫೋನ್ ತಂತಿಗೆ ಬೆಸೆಯುವ ಪೆಟ್ಟಿಗೆಯೇ, ಇಲ್ಲ. 1960ರಲ್ಲಿ ಬಂದ, ಸೀರಿಯಲ್ ಜೋಡಣೆಯ ಆರ್‌ಎಸ್-232 ಮಾನಕವು ತಂತಿಯ ಒಂದು ತುದಿಯಲ್ಲಿ ಟರ್ಮಿನಲ್ ಅಥವಾ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ಮೋಡೆಮ್ ಇರುತ್ತದೆಂದೇ ಎಣಿಸಿತ್ತು. 9 ಪಿನ್ನಿನ ಪೋರ್ಟಿನಲ್ಲಿ ಕಂಪ್ಯೂಟರು 3ನೆಯ ಪಿನ್ನಿನಿಂದ ಕಳಿಸುತ್ತದೆ, 2ನೆಯದರಲ್ಲಿ ಕೇಳಿಸಿಕೊಳ್ಳುತ್ತದೆ, ಮೋಡೆಮಿನದು ತದ್ವಿರುದ್ಧ. ಆದ್ದರಿಂದ ಅವೆರಡರ ನಡುವೆ ನೇರ ತಂತಿ ಸಾಕು. ಎರಡೂ ಕಡೆ ಕಂಪ್ಯೂಟರನ್ನೇ ಕೂರಿಸಿದರೆ ಎರಡೂ 3ರಲ್ಲೇ ಹೇಳುತ್ತವೆ, ಎರಡೂ 2ರಲ್ಲೇ ಕಿವಿಗೊಟ್ಟಿರುತ್ತವೆ. ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಕೇಬಲಿನೊಳಗೆ 2 ಮತ್ತು 3ನ್ನು ಅದಲುಬದಲು ಮಾಡಿ, 5ನೆಯ ಗ್ರೌಂಡ್ ಪಿನ್ನನ್ನು ನೇರವಾಗಿ ಸೇರಿಸಿದರೆ ಮೂರೇ ತಂತಿಯಲ್ಲಿ ಕೆಲಸವಾಗುತ್ತದೆ. ಅದಕ್ಕೇ ‘ಅದಲುಬದಲು ಕೇಬಲ್’ ಎಂದುಕೊಂಡೆ. ‘ತಿರುವುಮುರುವು’ ಎಂದರೆ ಕೇಬಲನ್ನೇ ತಲೆಕೆಳಗಾಗಿ ಚುಚ್ಚಬೇಕೇನೋ ಎನಿಸುತ್ತದೆ. ತಕರಾರು ಒಂದೇ: ನೆಟ್‌ವರ್ಕಿನ ಈಥರ್ನೆಟ್ ತಂತಿಗಳಲ್ಲೂ ಇಂಥದೇ ಕ್ರಾಸ್‌ಓವರ್ ಕೇಬಲ್ ಇದೆ. ಹಾಗಾಗಿ ಇದು ಸೀರಿಯಲ್ ಕೇಬಲ್ ಎಂದು ತೋರಿಸಲು ಹೆಸರಿಗೆ ಮೊದಲು ಇನ್ನೊಂದು ಪದ ಬೇಕಾಗುತ್ತದೆ.

ಆ ಪದ ‘ಸರಣಿ’ಯೇ? ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಸರಣಿ ಜೋಡಣೆ’ ಎಂದರೆ ರೋಧಕಗಳನ್ನು ಒಂದರ ತುದಿಗೆ ಇನ್ನೊಂದನ್ನು ಸೇರಿಸುವುದು. ಇಲ್ಲಿ ಸಾಲುಗಟ್ಟಿ ಹೋಗುವುದು ಬಿಟ್‌ಗಳು. ಗೊಂದಲವಾಗಬಹುದು, ಆದರೂ ‘ಸೀರಿಯಲ್’ ಎಂದೊಡನೆ ಸಂಜೆಯ ಧಾರಾವಾಹಿ ನೆನೆಯುವವರಿಗಿಂತ ಈ ಗೊಂದಲವೇ ವಾಸಿ.

‘ಟರ್ಮಿನಲ್’ ಅನ್ನು ಹಾಗೇ ಬಿಡುವವನಿದ್ದೇನೆ. ಬಸ್ಸಿಗೂ ಬ್ಯಾಟರಿಗೂ ಅದೇ ಪದ ನಡೆಯುತ್ತಿದೆ. 1978ರ ವಿಟಿ100ರಂಥ ಪರದೆ-ಕೀಲಿಮಣೆಯ ಪೆಟ್ಟಿಗೆಯನ್ನು ‘ಅಂತ್ಯಸ್ಥಾನ’ ಎನ್ನಲು ನನಗೆ ಕೈ ಬರದು. ಸಂಕೇತಗಳ ವೇಗ ಅಳೆಯುವ ‘ಬಾಡ್’ ಕೂಡ ಹಾಗೆಯೇ. ಎಮಿಲ್ ಬಾಡೊ ಎಂಬ ಟೆಲಿಗ್ರಾಫ್ ಎಂಜಿನಿಯರನ ಹೆಸರಿನಿಂದ ಬಂದದ್ದು, ವೋಲ್ಟಿನಂತೆ ಉಳಿಯಲಿ.

ಇನ್ನು ‘ಹ್ಯಾಂಡ್‌ಶೇಕ್’, ಅಂದರೆ ಮಾಹಿತಿ ಕಳಿಸುವ ಮುನ್ನ ಎರಡು ಯಂತ್ರಗಳು ಮಾಡಿಕೊಳ್ಳುವ ಸನ್ನೆ. ‘ಹಸ್ತಲಾಘವ’ ಎಂದು ಬರೆದು ಅಳಿಸಿದೆ. 7ನೆಯ ಪಿನ್ನು ‘ಕಳಿಸಲೇ?’ ಎನ್ನುತ್ತದೆ, 8ನೆಯದರಲ್ಲಿ ‘ಕಳಿಸು’ ಎಂಬ ಉತ್ತರ ಬರುತ್ತದೆ. ಇದು ಕೈಕುಲುಕುವುದಲ್ಲ, ಅಪ್ಪಣೆ ಬೇಡುವುದು. ‘ಅಪ್ಪಣೆ ತಂತಿ’ ಎಂದರೆ ತೀರಾ ಆಸ್ಥಾನದ ಮಾತಾದೀತೇ?

ರೇಡಿಯೊ, ಟಿವಿ ರಿಪೇರಿಯವರ ಬಾಯಲ್ಲಿ ಇಂಥ ಅದಲುಬದಲು ತಂತಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ನಿಘಂಟಿನ ಪದಕ್ಕಿಂತ ಮೊದಲು ಅದನ್ನೇ ಬಳಸುತ್ತೇನೆ.