ಪದಚರ್ಚೆ: ಕಬಕೋವ್ ‘ಅನಧಿಕೃತ’ ಕಲಾವಿದರೇ?

ಮಾನ್ಯರೇ,
ಸೋವಿಯತ್ ಕಾಲದ ಪರಿಕಲ್ಪನಾ ಕಲಾವಿದ (ರೂಪಕ್ಕಿಂತ ವಿಚಾರವನ್ನೇ ಮುಖ್ಯವಾಗಿಸಿದವರು) ಇಲ್ಯಾ ಕಬಕೋವ್ (1933–2023) ಅವರ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ಅನ್‌ಅಫಿಷಿಯಲ್ ಆರ್ಟಿಸ್ಟ್’ ಎಂಬುದನ್ನು ‘ಅನಧಿಕೃತ ಕಲಾವಿದ’ ಎಂದರೆ, ಅನಧಿಕೃತ ಬಡಾವಣೆಗಳ ಸಾಲಿಗೆ ಸೇರಿ, ಪರವಾನಗಿಯಿಲ್ಲದೆ ಚಿತ್ರ ಬರೆದವರೆಂಬಂತೆ ಕೇಳಿಸುತ್ತದೆ. ‘ಭೂಗತ’ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ದೊರೆಗಳು. ವಸ್ತುಗಳನ್ನು ಜೋಡಿಸಿ ಇಡೀ ಜಾಗವನ್ನೇ ಕೃತಿಯಾಗಿಸುವ ‘ಇನ್‌ಸ್ಟಲೇಷನ್’ಗೆ ‘ಪ್ರತಿಷ್ಠಾಪನೆ’ ಸಾಕೇ? ದಯವಿಟ್ಟು ಇಂದೇ ತಿಳಿಸಿ.

ಉತ್ತರ:
‘ಅನಧಿಕೃತ’ ಸಲ್ಲದು, ಆದರೆ ಬಡಾವಣೆಯ ಕಾರಣಕ್ಕಲ್ಲ. 1957ರಲ್ಲಿ ಮಾಸ್ಕೋದ ಸೂರಿಕೋವ್ ಕಲಾಸಂಸ್ಥೆಯಲ್ಲಿ ಓದು ಮುಗಿಸಿದ ಕಬಕೋವ್, ಸರ್ಕಾರಿ ಪ್ರಕಾಶನದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದೇ ಜೀವನ ಸಾಗಿಸಿದವರು, ಕಲಾವಿದರ ಒಕ್ಕೂಟದ ಸದಸ್ಯರೂ ಆಗಿದ್ದವರು. ಮಾನ್ಯತೆಯಿಲ್ಲದೆ ಉಳಿದದ್ದು ಅವರಲ್ಲ. ಸ್ರೆತೆನ್ಸ್ಕಿ ಬುಲೆವಾರ್ಡಿನ ಕಟ್ಟಡವೊಂದರ ಅಟ್ಟದ ಸ್ಟುಡಿಯೊದಲ್ಲಿ, ಒಂದೊಂದೇ ಹಾಳೆ ತಿರುವುತ್ತ, ಬರಹವನ್ನು ಗಟ್ಟಿಯಾಗಿ ಓದುತ್ತ, ಗೆಳೆಯರಿಗಷ್ಟೇ ಅವರು ತೋರಿಸುತ್ತಿದ್ದ ‘ಹತ್ತು ಪಾತ್ರಗಳು’ ಎಂಬ ಆಲ್ಬಮ್‌ಗಳು. ಆದ್ದರಿಂದ ವಿಶೇಷಣ ಕಲೆಗೆ ಸೇರಬೇಕೇ ಹೊರತು ಕಲಾವಿದನಿಗಲ್ಲ: ‘ಮಾನ್ಯತೆಯ ಹೊರಗಿನ ಕಲೆ’ ಎಂದು ಬರೆಯಿರಿ. ‘ಬಂಡಾಯ’ ಎಂದು ಯಾರಾದರೂ ಸೂಚಿಸುವ ಮುನ್ನವೇ ಹೇಳುತ್ತೇನೆ, ಅದು ಬೇಡ. 1974ರ ಸೆಪ್ಟೆಂಬರಿನಲ್ಲಿ ಇಂಥ ಕಲೆಯವರು ಮಾಸ್ಕೋದ ಬಯಲೊಂದರಲ್ಲಿ ಏರ್ಪಡಿಸಿದ, ಅಧಿಕಾರಿಗಳು ಬುಲ್ಡೋಜರ್ ನುಗ್ಗಿಸಿ ಚದುರಿಸಿದ ಪ್ರದರ್ಶನದಲ್ಲಿ ಕಬಕೋವ್ ಪಾಲ್ಗೊಂಡಿರಲಿಲ್ಲ.

ಇನ್ನು ‘ಪ್ರತಿಷ್ಠಾಪನೆ’. ಚಾಲ್ತಿಯಲ್ಲಿದೆ, ಬಲ್ಲೆ. 1985ರ ‘ತನ್ನ ಕೋಣೆಯಿಂದ ಬಾಹ್ಯಾಕಾಶಕ್ಕೆ ಹಾರಿದವನು’ ಕೃತಿಯಲ್ಲಿರುವುದು ಪ್ರಚಾರದ ಭಿತ್ತಿಚಿತ್ರಗಳನ್ನು ಗೋಡೆತುಂಬ ಅಂಟಿಸಿದ ಕಿರುಕೋಣೆ, ಕವಣೆಯಂತೆ ತೂಗುಬಿಟ್ಟ ಆಸನ, ಕೆಳಗೆ ಉಳಿದ ಜೋಡಿ ಬೂಟು, ಮೇಲೆ ಒಡೆದ ಚಾವಣಿ. ಗಣಪತಿಯನ್ನು ಕೂರಿಸುವುದು ಪ್ರತಿಷ್ಠಾಪನೆ. ಇಲ್ಲಿ ಕೂತಿದ್ದವನೇ ಹಾರಿಹೋಗಿದ್ದಾನೆ. ‘ಇನ್‌ಸ್ಟಲೇಷನ್’ ಎಂದೇ ಬಿಡಿ.

ಮರುಉತ್ತರ:
‘ಮಾನ್ಯತೆ’ಯನ್ನು ಸಂಸ್ಕೃತದಿಂದಲೂ ‘ಇನ್‌ಸ್ಟಲೇಷನ್’ ಅನ್ನು ಇಂಗ್ಲಿಷಿನಿಂದಲೂ ಕಡ ತಂದ ಮೇಲೆ ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯಗಳಷ್ಟೇ. ‘ಒಪ್ಪಿಗೆಯ ಹೊರಗಿನ ಕಲೆ’, ‘ಹೂಡಿಕೆ’ ಎನ್ನಲು ಅಡ್ಡಿಯೇನು?

ಉತ್ತರ:
‘ಹೂಡಿಕೆ’ ಎಂದರೆ ಷೇರುಪೇಟೆ. ‘ಕಲೆ’ಯೂ ಸಂಸ್ಕೃತದಿಂದ ಬಂದದ್ದೇ, ಅದನ್ನೇಕೆ ಉಳಿಸಿಕೊಂಡಿರಿ? ‘ಒಪ್ಪಿಗೆ’ಯನ್ನು ವ್ಯಕ್ತಿಯೂ ಕೊಡಬಹುದು, ಒಕ್ಕೂಟ, ಪ್ರದರ್ಶನಾಲಯ, ಪತ್ರಿಕೆಗಳ ಮೂಲಕ ಪ್ರಭುತ್ವ ಕೊಡುತ್ತಿದ್ದದ್ದು ಮಾನ್ಯತೆ. ಕಬಕೋವ್ 1987ರಲ್ಲಿ ಆಸ್ಟ್ರಿಯಾದ ಗ್ರಾಜ್‌ಗೆ ಹೋದ ಮೇಲಷ್ಟೇ ಆ ಹಂಗು ತಪ್ಪಿತು. ಮೊದಲ ಸಲಹೆಯನ್ನೇ ಅಚ್ಚಿಗೆ ಕಳುಹಿಸಿ.