ಅಪ್‌ಡೇಟ್: ಒಬ್ಬರ ಹೋಮ್‌ನಲ್ಲಿದ್ದ ಸಾಫ್ಟ್‌ವೇರ್ ಈಗ ಎಲ್ಲರಿಗೂ ಓಡುತ್ತಿದೆ

ಹಿಂದೆ ಕೇಳಿದ್ದು ಇಷ್ಟು: ಲಿನಕ್ಸ್ ಸರ್ವರ್‌ನಲ್ಲಿ ಒಬ್ಬ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಂ ಅನ್ನು ಉಳಿದವರೂ ಬಳಸುವುದು ಹೇಗೆ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

'777 ಪರ್ಮಿಷನ್ (ಎಲ್ಲರಿಗೂ ಓದುವ, ಬರೆಯುವ, ಓಡಿಸುವ ಹಕ್ಕು) ಕೊಟ್ಟುಬಿಡಿ' ಎಂಬ ಸಲಹೆಯನ್ನು ಕೈಬಿಟ್ಟೆ. ಯಾರು ಬೇಕಾದರೂ ಬದಲಾಯಿಸಬಹುದಾದ ಪ್ರೋಗ್ರಾಂ ಅನ್ನು ಎಲ್ಲರೂ ಓಡಿಸುವುದು ಅಪಾಯ ಅಲ್ವಾ? ಅದರ ಬದಲು, ಹೆಚ್ಚುವರಿ ಸಾಫ್ಟ್‌ವೇರ್ ಇಡುವ ಆಪ್ಟ್ (/opt) ಫೋಲ್ಡರ್‌ನಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಮಾಲೀಕ ರೂಟ್ (ಸರ್ವರ್‌ನ ಅಡ್ಮಿನ್ ಅಕೌಂಟ್), ಪರ್ಮಿಷನ್ 755. ಎಲ್ಲರೂ ಓದಬಹುದು, ಓಡಿಸಬಹುದು, ಆದರೆ ರೂಟ್ ಬಿಟ್ಟು ಬೇರೆ ಯಾರೂ ಬರೆಯುವಂತಿಲ್ಲ. ಹಳೆಯ ಫೋಲ್ಡರನ್ನೇ ಸುಮ್ನೆ ಎತ್ತಿ ಇಟ್ಟಿದ್ದರೆ, ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಬರೆದಿದ್ದ ಹಳೆಯ ಪಾಥ್‌ಗಳು (ಫೈಲ್ ಎಲ್ಲಿದೆ ಎಂಬ ವಿಳಾಸಗಳು) ಕೈಕೊಡುತ್ತಿದ್ದವು.

ಜಾಸ್ತಿ ತಲೆ ತಿಂದದ್ದು ಲಾಕ್ ಫೈಲ್, ಅಂದರೆ 'ಈಗ ಬಳಕೆಯಲ್ಲಿದೆ' ಎಂದು ತೋರಿಸಲು ಪ್ರೋಗ್ರಾಂ ಮಾಡಿಕೊಳ್ಳುವ ಫೈಲ್. ಈ ಪ್ರೋಗ್ರಾಂ ಸೆಟ್ಟಿಂಗ್, ಲಾಗ್, ಲಾಕ್ ಎಲ್ಲವನ್ನೂ ತಾನಿರುವ ಫೋಲ್ಡರ್‌ನಲ್ಲೇ ಬರೆಯಲು ನೋಡುತ್ತದೆ. ಅದಕ್ಕೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್) ಬರೆದೆ. ಅದು ಓಡಿಸಿದವರ ಹೋಮ್‌ನಲ್ಲಿ ಒಂದು ಫೋಲ್ಡರ್ ಮಾಡುತ್ತದೆ, ಡೇಟಾ ಅಲ್ಲಿಗೇ ಹೋಗಲಿ ಎಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂ ಶುರುವಾಗುವಾಗ ಓದಿಕೊಳ್ಳುವ ಮೌಲ್ಯ) ಹೇಳಿ, ಆಮೇಲೆ ಅಸಲಿ ಪ್ರೋಗ್ರಾಂ ಶುರು ಮಾಡುತ್ತದೆ. ಈಗ ಒಬ್ಬರ ಲಾಕ್ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ.

ಹಂಚಿಕೊಳ್ಳಲೇಬೇಕಾದ ಪ್ರಾಜೆಕ್ಟ್ ಫೈಲ್‌ಗಳಿಗೆ ಬೇರೆ ಯೂಸರ್ ಗ್ರೂಪ್, 2770 ಪರ್ಮಿಷನ್ನಿನ ಫೋಲ್ಡರ್ (ಮಾಲೀಕ ಮತ್ತು ಗ್ರೂಪ್‌ಗೆ ಎಲ್ಲಾ ಹಕ್ಕು, ಉಳಿದವರಿಗೆ ಏನೂ ಇಲ್ಲ). ಮುಂದಿರುವ ಆ 2ರಿಂದ ಹೊಸ ಫೈಲ್‌ಗಳಿಗೆ ಫೋಲ್ಡರ್‌ನ ಗ್ರೂಪೇ ಬರುತ್ತದೆ. ಯುಮಾಸ್ಕ್ (ಹೊಸ ಫೈಲ್‌ಗಳಿಂದ ಯಾವ ಹಕ್ಕು ತೆಗೆಯಬೇಕೆಂಬ ಸೆಟ್ಟಿಂಗ್) 007 ಇರಲಿ, ಇಲ್ಲದಿದ್ದರೆ ಗ್ರೂಪ್‌ನವರಿಗೆ ಬರೆಯಲು ಆಗದೇ ಹೋಗಬಹುದು. ಯೂಸರ್‌ನನ್ನು ಗ್ರೂಪ್‌ಗೆ ಸೇರಿಸಿದ ಮೇಲೆ ಅವರು ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು.

ಲೈಸೆನ್ಸ್ ಬಗ್ಗೆ ಕೇಳಿದ್ದವರಿಗೆ: ಇದು ಓಪನ್ ಸೋರ್ಸ್, ತೊಂದರೆಯಿಲ್ಲ.