ಮಳೆಗಾಲದ ಟೈಮ್‌ಟೇಬಲ್: ಉಡುಪಿ–ಮಂಗಳೂರು ಪಾಸಿನವರು ಎಂಥ ಮಾಡುವುದು ಮಾರಾಯ್ರೆ?

ಕೊಡೆ ಮರೆತವಳು:

ಮೊದಲೇ ಹೇಳಿಬಿಡುತ್ತೇನೆ, ಇದು ಅರ್ಧ ಪ್ರಶ್ನೆ, ಅರ್ಧ ಹೊಟ್ಟೆಯುರಿ.

ಮನೆ ಉಡುಪಿ ಕಡೆ, ಕೆಲಸ ಮಂಗಳೂರಲ್ಲಿ. ಆರು ವರ್ಷದಿಂದ ರೈಲಿನ ಪಾಸು. ಬೇಸಿಗೆಯಲ್ಲಿ ಎಂಥ ತೊಂದರೆಯೂ ಇಲ್ಲ. ಇನ್ನಂಜೆ, ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಅಂತ ಒಂದೊಂದೇ ಹೋಗುತ್ತಾ ಮಂಗಳೂರು ಬರುತ್ತದೆ, ಅಷ್ಟರಲ್ಲಿ ಒಂದು ಸಣ್ಣ ನಿದ್ದೆಯೂ ಆಗುತ್ತದೆ. ಜೂನ್ ಮಧ್ಯ ಬಂತು ಅಂದ್ರೆ ಕತೆ ಬೇರೆ. ನನ್ನ ಬೆಳಗಿನ ಗಾಡಿಯ ಹೊತ್ತೇ ಬದಲಾಗುತ್ತದೆ. ಬದಲಾದ ಹೊತ್ತಿಗಾದರೂ ಬರುತ್ತದಾ, ಅದೂ ಇಲ್ಲ. ಕಳೆದ ವಾರ ಒಂದು ದಿನ ಮೊಬೈಲಿನಲ್ಲಿ ಇಪ್ಪತ್ತು ನಿಮಿಷ ಲೇಟ್ ಅಂತ ಇತ್ತು. ಇಪ್ಪತ್ತು ನಿಮಿಷ ಆದ ಮೇಲೆ ನಲವತ್ತು ಅಂತ ಬಂತು. ನಲವತ್ತು ಆದ ಮೇಲೆ ಏನೂ ಬರಲಿಲ್ಲ! ನಾನು ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಯಾಕಂದ್ರೆ ಜನರಲ್ ಡಬ್ಬಿ ನಿಲ್ಲುವುದು ಅಲ್ಲಿ, ಅಲ್ಲಿ ಮಾಡು ಇಲ್ಲ, ಕೊಡೆ ಇದ್ದರೂ ಅಡ್ಡ ಹೊಡೆಯುವ ಮಳೆಗೆ ಸೊಂಟದಿಂದ ಕೆಳಗೆ ಪೂರ್ತಿ ಚಂಡಿ. ಆಫೀಸಿಗೆ ಮುಟ್ಟುವಾಗ ಹನ್ನೊಂದು ಗಂಟೆ. ನಮ್ಮ ಮೇಲಿನವರು ಮಾತಾಡಲಿಲ್ಲ, ಸುಮ್ನೆ ಗಡಿಯಾರ ನೋಡಿದರು. ಬೈದಿದ್ದರೆ ವಾಸಿ ಇತ್ತು.

ಈಗ ಪ್ರಶ್ನೆ. ಒಂದು, ಬಿಸಿಲು ಬಿದ್ದ ದಿನವೂ ಗಾಡಿ ಯಾಕೆ ಎತ್ತಿನ ಗಾಡಿಯ ಹಾಗೆ ಹೋಗಬೇಕು? ಮಳೆ ಬಂದಾಗ ನಿಧಾನ ಮಾಡಲಿ, ಬಿಟ್ಟಾಗ ಓಡಿಸಲಿ. ನಾವು ಸ್ಕೂಟರಿನಲ್ಲಿ ಹಾಗೇ ತಾನೇ ಮಾಡುವುದು? ಎರಡು, ಮೂರು ತಿಂಗಳ ಪಾಸು ಈ ವಾರ ಮುಗಿಯುತ್ತದೆ. ಮತ್ತೆ ಮಾಡಿಸಲಾ, ಅಕ್ಟೋಬರ್ ವರೆಗೆ ಬಸ್ಸಿಗೆ ಹೋಗಲಾ?

ಮುಲ್ಕಿ ಎಕ್ಸ್‌ಪ್ರೆಸ್:

ಬಸ್ಸಿಗೆ ಬನ್ನಿ ಅಕ್ಕ. ಹೊಂಡ ಎಣಿಸುತ್ತಾ ಬರಬಹುದು, ನಿದ್ದೆ ಮಾತ್ರ ಕೇಳಬೇಡಿ. ಬೈಕಂಪಾಡಿಯಿಂದ ಕೊಟ್ಟಾರ ಚೌಕಿವರೆಗೆ ಹೈವೇಯಲ್ಲಿ ನೀರು ನಿಂತರೆ ನಿಮ್ಮ ರೈಲೇ ಮೊದಲು ಮುಟ್ಟುತ್ತದೆ. ನಾನು ಎರಡೂ ಮಾಡಿದ್ದೇನೆ. ಬಸ್ಸಿನಲ್ಲಿ ಒಂದು ಲಾಭ ಏನಂದ್ರೆ, ಲೇಟ್ ಆದರೂ ನೀವು ಎಲ್ಲಿ ಸಿಕ್ಕಿಬಿದ್ದಿದ್ದೀರಿ ಅಂತ ಕಿಟಕಿಯಿಂದ ಕಾಣುತ್ತದೆ.

ಹಳೇ ಹಳಿ:

ತಂಗೀ, ನಾನು ಹಳಿ ಕೆಲಸದಲ್ಲೇ ಇದ್ದು ರಿಟೈರ್ ಆದವನು. ಬಿಸಿಲಿನ ದಿನ ಯಾಕೆ ನಿಧಾನ ಅಂತ ಕೇಳಿದ್ದೀರಲ್ಲ, ಅದಕ್ಕೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಗುಡ್ಡ ಜರಿಯುವುದು ಮಳೆ ಹೊಡೆಯುವಾಗ ಮಾತ್ರ ಅಲ್ಲ. ನಮ್ಮ ಕಡೆಯ ಮಣ್ಣು ನಿಮಗೆ ಗೊತ್ತುಂಟು, ಮೇಲೆ ಮುರಕಲ್ಲು, ಅಡಿಯಲ್ಲಿ ಜೇಡಿ. ಮುರಕಲ್ಲಿನ ತೂತಿನಲ್ಲಿ ನೀರು ಇಳಿಯುತ್ತಾ ಹೋಗುತ್ತದೆ, ಜೇಡಿಯಲ್ಲಿ ನಿಲ್ಲುತ್ತದೆ. ಅಲ್ಲಿ ಮಣ್ಣು ಬೆಣ್ಣೆಯ ಹಾಗೆ ಆಗುತ್ತದೆ, ಮೇಲಿನದ್ದು ತೂಕಕ್ಕೆ ಜಾರುತ್ತದೆ. ಮೂರು ದಿನ ಜಡಿಮಳೆ ಬಂದು ನಾಲ್ಕನೇ ದಿನ ಬಿಸಿಲು ಬಿತ್ತು ಅಂದರೆ ನೀವು ಬಟ್ಟೆ ಒಣಗಿಸುತ್ತೀರಿ, ನಮಗೆ ಹೆದರಿಕೆ ಆ ದಿನವೇ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವುದೇ ಸುಮಾರು 3,000 ಮಿಲಿಮೀಟರ್ ಮಳೆ. ಅಷ್ಟು ಕುಡಿದ ಗುಡ್ಡಕ್ಕೆ ಒಂದು ಹಗಲಿನ ಬಿಸಿಲು ಯಾವ ಲೆಕ್ಕ?

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ನಮ್ಮ ತೋಕೂರಿನವರೆಗೆ ಕೊಂಕಣ ರೈಲ್ವೆ ದಾರಿ ಸುಮಾರು 740 ಕಿಲೋಮೀಟರ್. ಅದರಲ್ಲಿ 91 ಸುರಂಗ. ಸುರಂಗದ ಆಚೆ ಈಚೆ ಗುಡ್ಡ ಕಡಿದು ಮಾಡಿದ ಕಟ್ಟಿಂಗ್‌ಗಳು. 1998ರ ಜನವರಿ 26ಕ್ಕೆ ಇಡೀ ದಾರಿ ಓಡಾಟಕ್ಕೆ ತೆರೆದದ್ದು. ಐದು ವರ್ಷ ಕಳೆಯಿತು, 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೋಗುವ ರಜೆಯ ಸ್ಪೆಷಲ್ ಗಾಡಿ ವೈಭವವಾಡಿ ಹತ್ತಿರ ಹಳಿಗೆ ಬಿದ್ದ ಕಲ್ಲಿಗೆ ಹೊಡೆಯಿತು. 50ಕ್ಕಿಂತ ಜಾಸ್ತಿ ಜನ ಹೋದರು. ಮರುವರ್ಷ ಜೂನ್‌ನಲ್ಲೇ ಮಂಗಳೂರಿನಿಂದ ಮುಂಬೈಗೆ ಹೋಗುವ ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್. ಅದೂ ಕಲ್ಲಿಗೇ, ಸೇತುವೆಯ ಹತ್ತಿರ. ಅದರಲ್ಲಿ ಇದ್ದವರು ಹೆಚ್ಚಿನವರು ನಮ್ಮ ಊರ ಕಡೆಯಿಂದ ಹೊರಟವರು. ಆಗ ನಮ್ಮ ಕೇರಿಯಲ್ಲಿ ಒಂದು ವಾರ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಈಗ ಮಳೆಗಾಲದಲ್ಲಿ ಗುಡ್ಡ ಜರಿಯುವ ಕಡೆ ವೇಗ ಗಂಟೆಗೆ 75 ಕಿಲೋಮೀಟರ್ ಆಸುಪಾಸಿಗೆ ಇಳಿಸುತ್ತಾರೆ. ಜೋರು ಮಳೆ ಬಂದು ಮುಂದೆ ಕಾಣದಿದ್ದರೆ 40ರಲ್ಲೇ ಹೋಗಬೇಕು ಅಂತ ಡ್ರೈವರುಗಳಿಗೆ ಹೇಳಿಟ್ಟದ್ದು. 75ರಲ್ಲಿ ಹೋದರೆ ಕಲ್ಲು ಕಂಡ ಮೇಲೆ ಬ್ರೇಕ್ ಹಾಕಿ ನಿಲ್ಲಿಸುವ ಅವಕಾಶ ಉಂಟು, 110ರಲ್ಲಿ ಅದು ಬಹಳ ಕಮ್ಮಿ. ಅಷ್ಟೇ ವಿಷಯ. ಹೊನ್ನಾವರದ ಶರಾವತಿ ಸೇತುವೆಯಲ್ಲಿ ಗಾಳಿ ಅಳೆಯುವ ಯಂತ್ರ ಉಂಟು, ಉಡುಪಿ ಭಟ್ಕಳ ಕಾರವಾರದಲ್ಲೆಲ್ಲ ಮಳೆ ಅಳೆಯುವ ಯಂತ್ರ ಉಂಟು. ಅದೆಲ್ಲ ಇದ್ದರೂ ಕೊನೆಗೆ ರಾತ್ರಿ ಟಾರ್ಚ್ ಹಿಡಿದು ಹಳಿ ಮೇಲೆ ನಡೆಯುವುದು ಒಬ್ಬ ಮನುಷ್ಯ. ಜಿಗಣೆ ಹತ್ತಿದ್ದನ್ನು ಮನೆಗೆ ಬಂದು ಬಿಡಿಸಿದ ದಿನಗಳು ನನಗೆ ಲೆಕ್ಕ ಇಲ್ಲ.

ಕೊಡೆ ಮರೆತವಳು:

ಅಣ್ಣ, ನೀವು ಹೇಳಿದ್ದು ಓದಿ ಎತ್ತಿನ ಗಾಡಿ ಅಂದದ್ದಕ್ಕೆ ನಾಚಿಕೆ ಆಯಿತು. ನಿಧಾನ ಹೋಗಲಿ, ಒಪ್ಪಿದೆ. ಆದರೆ ಒಂದು ಅರ್ಥ ಆಗುತ್ತಿಲ್ಲ. ನಿಧಾನ ಅಂತ ಟೈಮ್‌ಟೇಬಲಿನಲ್ಲೇ ಲೆಕ್ಕ ಹಾಕಿದ್ದಾರಲ್ಲ? ಮತ್ತೆ ಅದರ ಮೇಲೂ ಲೇಟ್ ಯಾಕೆ? ನಾನು ಹೋಗುವ ದಾರಿ ಎಷ್ಟು ಉದ್ದ ಉಂಟು ಅಂತ!

ಹಳೇ ಹಳಿ:

ನಿಮ್ಮ ದಾರಿಯಲ್ಲಿ ಲೇಟ್ ಆಗುವುದೇ ಇಲ್ಲ ತಂಗೀ. ಲೆಕ್ಕ ಹಾಕಿ ನೋಡಿ. ಉಡುಪಿಯಿಂದ ಸುರತ್ಕಲ್‌ಗೆ 45 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 110ರಲ್ಲಿ ಹೋದರೆ 25 ನಿಮಿಷ, 75ರಲ್ಲಿ ಹೋದರೆ 36 ನಿಮಿಷ. ಹೆಚ್ಚಾದದ್ದು ಹನ್ನೊಂದು ನಿಮಿಷ. ನೀವು ಹತ್ತುವ ಗಾಡಿ ಮುಂಬೈ ಕಡೆಯಿಂದ ಇಡೀ ರಾತ್ರಿ ಬಂದದ್ದು ಅಲ್ವಾ? 740 ಕಿಲೋಮೀಟರಿಗೆ ಅದೇ ಲೆಕ್ಕ ಹಾಕಿದರೆ ಮೂರು ಗಂಟೆ ದಾಟುತ್ತದೆ. ನಿಜದಲ್ಲಿ ಅಷ್ಟು ಆಗುವುದಿಲ್ಲ, ಬೇಸಿಗೆಯಲ್ಲೂ ಎಲ್ಲ ಕಡೆ 110 ಇಲ್ಲ. ಅದರ ಮೇಲೆ ಹೆಚ್ಚಿನ ದಾರಿ ಒಂದೇ ಹಳಿ. ಜೋಡಿ ಹಳಿ ಇರುವುದು ಆ ತುದಿಯಲ್ಲಿ, ರೋಹಾದಿಂದ ವೀರ್‌ವರೆಗೆ ಮಾತ್ರ. ಹಾಗಾಗಿ ಎದುರಿನ ಗಾಡಿ ಲೇಟಾದರೆ ಇದು ಯಾವುದೋ ಸ್ಟೇಷನ್ನಿನಲ್ಲಿ ಕ್ರಾಸಿಂಗಿಗೆ ಕಾಯಬೇಕು. ಇದು ಕಾದರೆ ಹಿಂದಿನದ್ದು ಕಾಯಬೇಕು. ರತ್ನಗಿರಿಯ ಆಚೆ ಸುರಿದ ಮಳೆಗೆ ನೀವು ಇಲ್ಲಿ ಚಂಡಿ ಆಗುವುದು.

ಬಿಸಿಲಿನ ದಿನ ಓಡಿಸಿ ಅಂದರೂ ಇದೇ ತೊಡಕು. ಒಂದು ಗಾಡಿ ಬೇಗ ಬಂದರೆ ಎಲ್ಲಿ ನಿಲ್ಲಿಸುವುದು? ಕ್ರಾಸಿಂಗ್ ಎಲ್ಲ ನಾಲ್ಕು ತಿಂಗಳಿಗೆ ಸೇರಿಸಿ ಮೊದಲೇ ಕಟ್ಟಿಟ್ಟದ್ದು.

ಡೆಲ್ಲಿಯಿಂದ ಬಂದ ಭಟ್ರು:

ಇಲ್ಲಿ ಮಳೆಗೆ ಅಳುತ್ತೀರಿ, ಉತ್ತರದಲ್ಲಿ ಚಳಿಗೆ ಅಳುತ್ತಾರೆ. ನಾನು ಒಂಬತ್ತು ವರ್ಷ ಅಲ್ಲಿದ್ದೆ. ಡಿಸೆಂಬರ್ ಜನವರಿ ಮಂಜು ಅಂದರೆ ನಮ್ಮ ಆಗುಂಬೆ ಮಂಜಿನ ಹಾಗೆ ಚಂದ ನೋಡುವುದಕ್ಕಲ್ಲ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಡ್ರೈವರಿಗೆ ಸಿಗ್ನಲ್ ಕಾಣಬೇಕಲ್ಲ? ಮೊದಲೆಲ್ಲ ಸಿಗ್ನಲ್ಲಿಗೆ ಸ್ವಲ್ಪ ಹಿಂದೆ ಹಳಿ ಮೇಲೆ ಪಟಾಕಿ ಕಟ್ಟುತ್ತಿದ್ದರು, ಚಕ್ರ ಹತ್ತಿದಾಗ ಢಂ ಅಂದರೆ ಸಿಗ್ನಲ್ ಬಂತು ಅಂತ. ಈಗ ಜಿಪಿಎಸ್ ಇರುವ ಸಣ್ಣ ಪೆಟ್ಟಿಗೆ ಕೊಟ್ಟಿದ್ದಾರೆ, ಮುಂದಿನ ಸಿಗ್ನಲ್ ಎಷ್ಟು ದೂರ ಅಂತ ಅದು ಹೇಳುತ್ತದೆ. ಪೆಟ್ಟಿಗೆ ಇದ್ದರೂ ಮಂಜಿನಲ್ಲಿ 75ಕ್ಕಿಂತ ಮೇಲೆ ಇಲ್ಲ. ನೋಡಿ, ಅಲ್ಲೂ 75, ಇಲ್ಲೂ 75.

ಆದರೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾವ ಯಾವ ಗಾಡಿ ಇಲ್ಲ, ಯಾವುದು ವಾರಕ್ಕೆ ಎರಡು ದಿನ ಕಮ್ಮಿ ಅಂತ ಮೊದಲೇ ಪಟ್ಟಿ ಬರುತ್ತದೆ. ಸಿಟ್ಟು ಬರುತ್ತದೆ, ಆದರೆ ಬೇರೆ ದಾರಿ ನೋಡಿಕೊಳ್ಳಬಹುದು. ನಿಜಾಮುದ್ದೀನಿನಿಂದ ಮಂಗಳ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬರುವಾಗ ನಮ್ಮ ಅಮ್ಮ ಯಾವಾಗಲೂ ಫೋನಿನಲ್ಲಿ ಅದನ್ನೇ ಕೇಳುವುದು, "ಎಷ್ಟು ಹೊತ್ತಿಗೆ ಬರ್ತಿ ಅಂತ ಹೇಳು, ಲೇಟಾದ್ರೆ ತೊಂದ್ರೆ ಇಲ್ಲ, ಅನ್ನ ಇಡ್ಲಿಕ್ಕೆ ಗೊತ್ತಾಗ್ಬೇಕಲ್ಲ."

ಮುಲ್ಕಿ ಎಕ್ಸ್‌ಪ್ರೆಸ್:

ಅಮ್ಮನನ್ನು ರೈಲ್ವೆಗೆ ಸೇರಿಸಿ ಭಟ್ರೇ.

ಘಟ್ಟದ ಕೆಳಗಿನವ:

ನೀವೆಲ್ಲ ಲೇಟ್ ಅಂತೀರಿ, ನಮಗೆ ಗಾಡಿಯೇ ಇಲ್ಲದೆ ಹೋಗುತ್ತದೆ. ನನ್ನದು ವಾರಕ್ಕೊಮ್ಮೆ ಬೆಂಗಳೂರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗೆ 55 ಕಿಲೋಮೀಟರ್ ಘಟ್ಟ, 57 ಸುರಂಗ. 2018ರ ಆಗಸ್ಟಿನಲ್ಲಿ ಜರಿದು ವಾರಗಟ್ಟಲೆ ಬಂದ್. 2024ರ ಜುಲೈ 26ಕ್ಕೆ ಯಡಕುಮಾರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಹೋಯಿತು, ಸುಮಾರು ಎರಡು ವಾರ ಪ್ರಯಾಣಿಕರ ಗಾಡಿ ಇಲ್ಲ. ಅದೇ ಹೊತ್ತಿಗೆ ಶಿರಾಡಿ ರಸ್ತೆಯೂ ಜರಿದರೆ ಬಸ್ಸಿನವರು ಹೇಳಿದ್ದೇ ರೇಟು. ನಾನು ಆ ಸಲ ಚಾರ್ಮಾಡಿ ಸುತ್ತಿ ಹೋದೆ, ಬೆಂಗಳೂರು ಮುಟ್ಟುವಾಗ ಬೆನ್ನು ಅಂತ ಒಂದು ಇತ್ತಾ ಅಂತ ಸಂಶಯ.

ಪಡೀಲ್ ಗೇಟು:

ಘಟ್ಟಕ್ಕೆ ಯಾಕೆ ಹೋಗುತ್ತೀರಿ, 2019ರ ಆಗಸ್ಟಿನಲ್ಲಿ ಮಂಗಳೂರಿನೊಳಗೇ ಪಡೀಲ್–ಕುಲಶೇಖರ ನಡುವೆ ಗುಡ್ಡ ಬಂದು ಹಳಿ ಮೇಲೆ ಕೂತಿತ್ತಲ್ಲ! ಮಣ್ಣು ತೆಗೆದಷ್ಟೂ ಮೇಲಿನಿಂದ ಮತ್ತೆ ಬರುತ್ತಿತ್ತು. ಒಂದು ವಾರ ನಾವು ಸುರತ್ಕಲ್‌ನಲ್ಲಿ ಇಳಿದು ಬಸ್ಸು ಹಿಡಿದದ್ದು.

ಅಕ್ಕ, ನೀವು ದೂರು ಬರೆಯುವುದಿದ್ದರೆ ಒಂದು ವಿಷಯ ನೆನಪಿಡಿ. ತೋಕೂರಿನವರೆಗೆ ಕೊಂಕಣ ರೈಲ್ವೆ. ಅಲ್ಲಿಂದ ಮಂಗಳೂರು ಸೆಂಟ್ರಲ್‌ಗೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಸುಬ್ರಹ್ಮಣ್ಯದ ಕಡೆ ಹೋದರೆ ಮೈಸೂರು ವಿಭಾಗ. ಮೂರು ಮನೆಯ ಅಂಗಳ ಸೇರುವ ಜಾಗ ಇದು. ಒಬ್ಬರಿಗೆ ಬರೆದು ಸುಮ್ನೆ ಕೂರಬೇಡಿ, ಮೂವರಿಗೂ ಪ್ರತಿ ಹಾಕಿ. ಮತ್ತೆ "ಗಾಡಿ ಲೇಟ್" ಅಂತ ಬರೆದರೆ ಮಳೆ ಅಂತ ಉತ್ತರ ಬರುತ್ತದೆ, ಮುಗಿಯಿತು. ಅದರ ಬದಲು ಮಳೆಗಾಲದ ನಾಲ್ಕು ತಿಂಗಳು ಉಡುಪಿಯಿಂದಲೇ ಹೊರಡುವ ಒಂದು ಬೆಳಗಿನ ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ಕರೆಂಟ್ ಗಾಡಿ, ಕೊಡಿ ಅಂತ ಕೇಳಿ. ಇಲ್ಲೇ ಹುಟ್ಟಿದ ಗಾಡಿಗೆ ರತ್ನಗಿರಿಯ ಮಳೆ ತಾಗುವುದಿಲ್ಲ.

ಹಳೇ ಹಳಿ:

ಪಡೀಲ್‌ನವರು ಸರಿಯಾಗಿ ಹೇಳಿದರು. ಪಾಸಿನ ಪ್ರಶ್ನೆಗೂ ಉತ್ತರ ಅದರಲ್ಲೇ ಉಂಟು ನೋಡಿ. ಸಂಜೆ ಮಂಗಳೂರಿನಿಂದಲೇ ಹೊರಡುವ ಗಾಡಿಯನ್ನು ನಂಬಬಹುದು, ಬೆಳಿಗ್ಗೆ ದೂರದಿಂದ ಬರುವುದನ್ನು ನಂಬಬೇಡಿ. ಮೊಬೈಲಿನಲ್ಲಿ ನೋಡುವಾಗ "ಎಷ್ಟು ಲೇಟ್" ಅನ್ನುವುದನ್ನು ನೋಡಬೇಡಿ, ಗಾಡಿ ಕಾರವಾರ ದಾಟಿತಾ, ಭಟ್ಕಳ ದಾಟಿತಾ ಅಂತ ನೋಡಿ. ಭಟ್ಕಳ ಬಿಡುವವರೆಗೆ ಮನೆಯಿಂದ ಹೊರಡಬೇಡಿ.

ಬೈಂದೂರು ಸಿಸ್ಟರ್:

ನಾನು ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ. ಎರಡು ಮಳೆಗಾಲದಿಂದ ಇದನ್ನೇ ಮಾಡುತ್ತಿದ್ದೇನೆ, ಬೆಳಿಗ್ಗೆ ಬಸ್ಸು, ವಾಪಸ್ ರೈಲು. ಪಾಸಿನ ಒಂದು ತಿಂಗಳ ದುಡ್ಡು ಬಸ್ಸಿನ ಒಂದು ವಾರದ ಖರ್ಚಿಗಿಂತ ಕಮ್ಮಿ, ಒಂದೇ ಕಡೆ ಹೋದರೂ ನಷ್ಟ ಇಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಒಳಗೆ. ಚಪ್ಪಲಿ ರಬ್ಬರಿನದ್ದು. ಕೊಡೆ ಉದ್ದದ್ದು, ಮಡಚುವುದು ಬೇಡವೇ ಬೇಡ, ಪ್ಲಾಟ್‌ಫಾರ್ಮ್ ಗಾಳಿಗೆ ಅದು ತಾವರೆ ಆಗಿಬಿಡುತ್ತದೆ.

ಕೊಡೆ ಮರೆತವಳು:

ಎಲ್ಲರಿಗೂ ಥ್ಯಾಂಕ್ಸ್. ಒಂದು ತಿಂಗಳದ್ದೇ ಪಾಸು ಮಾಡಿಸಿದೆ, ಮೂರು ತಿಂಗಳದ್ದು ಮಳೆ ಹೋದ ಮೇಲೆ. 2025ರಲ್ಲಿ ಜೂನ್ 10ರ ಬದಲು 15ಕ್ಕೆ ಶುರು ಮಾಡಿ, ಅಕ್ಟೋಬರ್ 31ರ ಬದಲು 20ಕ್ಕೇ ಮಳೆಗಾಲದ ಟೈಮ್‌ಟೇಬಲ್ ಮುಗಿಸಿದ್ದರು. ಹದಿನಾರು ದಿನ ಬಿಡಿಸಿಕೊಂಡದ್ದು, ನಮ್ಮಂಥವರಿಗೆ ಅದೂ ದೊಡ್ಡದೇ.

ಮೆಮು ಅರ್ಜಿ ನಾನೇ ಬರೆಯುತ್ತೇನೆ. ನಮ್ಮ ಡಬ್ಬಿಯಲ್ಲಿ ಪಾಸಿನವರು ಇಪ್ಪತ್ತು ಮೂವತ್ತು ಜನ ಇದ್ದೇವೆ, ನಾಳೆ ಸಂಜೆಯ ಗಾಡಿಯಲ್ಲಿ ಸಹಿ ಹಾಕಿಸುತ್ತೇನೆ. ಬೇರೆ ಡಬ್ಬಿಯವರು ಇಲ್ಲಿ ಯಾರಾದರೂ ಇದ್ದರೆ ಹೇಳಿ, ಕಾಗದ ಆ ಕಡೆಗೂ ಕಳಿಸುತ್ತೇನೆ. ಹಳೇ ಹಳಿ ಅಣ್ಣ, ಬರೆದ ಮೇಲೆ ಇಲ್ಲಿ ಹಾಕುತ್ತೇನೆ, ಒಮ್ಮೆ ನೋಡಿಕೊಡಿ.

ಮುಲ್ಕಿ ಎಕ್ಸ್‌ಪ್ರೆಸ್:

ನಾನು ಮುಲ್ಕಿಯಲ್ಲಿ ಹತ್ತುತ್ತೇನೆ, ಕೊನೆಯ ಡಬ್ಬಿ. ಪೆನ್ನು ತನ್ನಿ, ನನ್ನದು ಚಂಡಿಯಾಗಿ ಬರೆಯುತ್ತಿಲ್ಲ.